ಆರ್2 ಯಾವಾಗ ಬಿಡಬೇಕು

ಸ್ಪೈಡರ್-ಮ್ಯಾನ್ ಗೇಮ್ ಬಗ್ಗೆ ಮಾತು ಬಂದರೆ ಕಥೆ ಹೇಗಿದೆ, ಸೂಟ್ ಎಷ್ಟಿವೆ, ಮ್ಯಾಪ್ ನೂರಕ್ಕೆ ನೂರು ಆಯ್ತಾ ಅನ್ನೋದೇ ಚರ್ಚೆ. ನನ್ನ ತಕರಾರು ಒಂದೇ. ಈ ಆಟದ ಜೀವ ಇರೋದು ಒಂದು ಮಿಷನ್‌ನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ, ಬಲೆಯ ಎಳೆ ಹಿಡಿದು ಕಟ್ಟಡಗಳ ನಡುವೆ ಜೀಕುತ್ತಾ ಹೋಗೋದರಲ್ಲಿ. ಆ ದಾರಿಯಲ್ಲಿ ಓಡಾಡೋದನ್ನೇ ಕಲಿಯದೆ ಮ್ಯಾಪ್ ಮೇಲಿನ ಐಕಾನ್‌ಗಳನ್ನು ಅಳಿಸುತ್ತಾ ಕೂತವರಿಗೆ ಕೊನೆಗೆ "ಎಲ್ಲಾ ಒಂದೇ ಥರ ಇದೆ ಮಾರಾಯ್ರೆ" ಅನ್ನಿಸದೆ ಇನ್ನೇನಾಗುತ್ತೆ? ಇನ್ಸೋಮ್ನಿಯಾಕ್ ಸ್ಟುಡಿಯೋ 2018ರಲ್ಲಿ ಪ್ಲೇಸ್ಟೇಷನ್ 4ಗೆ (ಪಿಎಸ್4) ತಂದ ಮೊದಲ ಭಾಗವನ್ನು ಇಟ್ಟುಕೊಂಡು ಹೇಳ್ತೀನಿ. 2020ರ ಮೈಲ್ಸ್ ಮೊರಾಲೆಸ್‌ಗೂ 2023ರ ಎರಡನೇ ಭಾಗಕ್ಕೂ ಇದರಲ್ಲಿ ಬಹುಪಾಲು ಹೊಂದುತ್ತೆ.

ಹೊಸಬರು ಮಾಡೋದು ಏನಂದ್ರೆ, ಎಳೆ ಹಾಕಿ ಜೀಕಿಸುವ (ಸ್ವಿಂಗ್) ಬಟನ್ ಆರ್2, ಅಂದರೆ ಕಂಟ್ರೋಲರ್‌ನ ಬಲಗಡೆ ಟ್ರಿಗರ್, ಅದನ್ನು ಒತ್ತಿ ಹಿಡಿದು ಸುಮ್ಮನೆ ಇರ್ತಾರೆ. ಆಟ ಅವರನ್ನು ಬೀಳೋಕೆ ಬಿಡಲ್ಲ, ಮುಂದಕ್ಕೆ ಹೋಗ್ತಾನೇ ಇರುತ್ತೆ. ಆದರೆ ರಸ್ತೆಯಿಂದ ನಾಲ್ಕೈದು ಮಹಡಿ ಎತ್ತರದಲ್ಲಿ, ಒಂದೇ ವೇಗದಲ್ಲಿ, ಒಂದೇ ಲಯದಲ್ಲಿ. ಇಲ್ಲಿ ಹಿಡಿಯೋದು ಸುಲಭದ ಕೆಲಸ, ಎಳೆಯನ್ನು ಯಾವ ಕ್ಷಣಕ್ಕೆ ಬಿಡ್ತೀರಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಜೋಕಾಲಿ ಜೀಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೀರಾ ಕೆಳಗೆ ಬಂದಾಗ ವೇಗ ಹೆಚ್ಚು, ತುದಿಗೆ ಹೋದಾಗ ಎತ್ತರ ಹೆಚ್ಚು, ವೇಗ ಸೊನ್ನೆ. ಕೆಳಗಿನ ಬಿಂದು ದಾಟಿದ ತಕ್ಷಣ ಬಿಟ್ಟರೆ ಬಾಣದ ಹಾಗೆ ಮುಂದಕ್ಕೆ ಹೋಗ್ತೀರಿ, ಎತ್ತರ ಸಿಗಲ್ಲ. ತುದಿವರೆಗೂ ಕಾದು ಬಿಟ್ಟರೆ ಮೇಲಕ್ಕೆ ಹೋಗ್ತೀರಿ, ಮುಂದಕ್ಕಲ್ಲ. ಇವೆರಡರ ನಡುವೆ, ದೇಹ ಮೇಲಕ್ಕೆ ಏರುತ್ತಾ ಸುಮಾರು ಅರ್ಧ ದಾರಿ ಬಂದಾಗ ಬಿಡಬೇಕು. ಬಿಡುವಾಗಲೇ ಎಕ್ಸ್ ಬಟನ್ ಒತ್ತಿದರೆ ಒಂದು ಜಿಗಿತ ಸೇರಿಕೊಳ್ಳುತ್ತೆ. ಈ ಎಕ್ಸ್ ಅನ್ನು ಮರೆಯುವವರೇ ಜಾಸ್ತಿ.

ಬಿಟ್ಟ ಕೂಡಲೇ ಮತ್ತೆ ಆರ್2 ಒತ್ತಬೇಡಿ. ಸ್ವಲ್ಪ ಬೀಳಿ. ಮೊದಲ ಭಾಗದಲ್ಲಿ ಎಷ್ಟೇ ಎತ್ತರದಿಂದ ರಸ್ತೆಗೆ ಬಿದ್ದರೂ ಏಟಾಗಲ್ಲ, ಹೆದರಿಕೆ ಯಾಕೆ? ಗಾಳಿಯಲ್ಲಿ ಎಲ್3 (ಎಡಗಡೆ ಸ್ಟಿಕ್ಕನ್ನೇ ಒಳಕ್ಕೆ) ಒತ್ತಿದರೆ ತಲೆ ಕೆಳಗಾಗಿ ಡೈವ್ ಹೊಡೀತಾನೆ. ಕಾರುಗಳ ಮೇಲ್ಛಾವಣಿ ದೊಡ್ಡದಾಗಿ ಕಾಣೋಕೆ ಶುರುವಾದಾಗ ಆರ್2. ಡೈವ್‌ನಲ್ಲಿ ಗಳಿಸಿದ ವೇಗ ಪೂರ್ತಿ ಆ ಸ್ವಿಂಗ್‌ಗೆ ಬರುತ್ತೆ, ಪಾದ ಡಾಂಬರಿಗೆ ತಾಗಿತೇನೋ ಅನ್ನುವಷ್ಟು ಕೆಳಗೆ ಹೋಗಿ ಎದ್ದು ಬರ್ತೀರಿ. ಎತ್ತರ, ಡೈವ್, ಸ್ವಿಂಗ್, ಏರುವಾಗ ಎಕ್ಸ್, ಮತ್ತೆ ಎತ್ತರ. ಇದೊಂದು ಸುತ್ತು ಕೈಗೆ ಕೂತರೆ ಅರ್ಧ ಆಟ ಕಲಿತ ಹಾಗೆ.

ಉಳಿದವು ಈ ಸುತ್ತು ಮುರಿಯದ ಹಾಗೆ ನೋಡಿಕೊಳ್ಳುವ ಉಪಾಯಗಳು. ಎಡಗಡೆ ಟ್ರಿಗರ್ ಎಲ್2 ಮತ್ತು ಆರ್2 ಒಟ್ಟಿಗೆ ಒತ್ತಿದರೆ ಕಣ್ಣೆದುರಿನ ಕಂಬಕ್ಕೋ ಕಟ್ಟಡದ ಅಂಚಿಗೋ ನೇರ ಎಗರ್ತಾನೆ. ಅಲ್ಲಿ ಕಾಲು ಊರುವ ಕ್ಷಣಕ್ಕೆ ಸರಿಯಾಗಿ ಎಕ್ಸ್ ಒತ್ತಿದರೆ ನಿಲ್ಲದೆ ಚಿಮ್ಮುತ್ತಾನೆ, ಒತ್ತದಿದ್ದರೆ ಗಿಳಿಯ ಹಾಗೆ ಕೂತುಬಿಡ್ತಾನೆ, ಗಳಿಸಿದ ವೇಗವೆಲ್ಲ ನೀರಲ್ಲಿ ಹೋಮ. ಗೋಡೆಗೆ ಬಡಿಯುವಾಗ ಆರ್2 ಹಿಡಿದಿದ್ದರೆ ಗೋಡೆ ಮೇಲೇ ಓಟ ಮುಂದುವರಿಯುತ್ತೆ, ಮೂಲೆ ಬಂದಾಗ ಸರ್ಕಲ್ ಬಟನ್ ಹಿಡಿದರೆ ಎಳೆ ಹಾಕಿ ಪಕ್ಕದ ರಸ್ತೆಗೆ ತಿರುಗ್ತಾನೆ. ಗಾಳಿಯಲ್ಲಿ ಬರೀ ಎಕ್ಸ್ ಒತ್ತಿದರೆ ಅಡ್ಡಡ್ಡ ಮುಂದಕ್ಕೆ ಎಳೆದುಕೊಳ್ಳೋದು. ಇದು ತುರ್ತಿಗೆ ಮಾತ್ರ, ಇದನ್ನೇ ಒತ್ತುತ್ತಾ ಊರು ದಾಟುವವರಿದ್ದಾರೆ, ಅವರಿಗೆ ದೊಡ್ಡ ನಮಸ್ಕಾರ.

ಎಳೆ ಆಕಾಶಕ್ಕೆ ಅಂಟಿಕೊಳ್ಳಲ್ಲ, ಕಟ್ಟಡಕ್ಕೇ ಅಂಟಬೇಕು. 2004ರಲ್ಲಿ ಟ್ರೇಯಾರ್ಕ್ ಮಾಡಿದ ಸ್ಪೈಡರ್-ಮ್ಯಾನ್ 2 ಗೇಮ್ ಇವತ್ತಿಗೂ ಜನರ ಬಾಯಲ್ಲಿ ಇರೋದು ಇದೇ ಕಾರಣಕ್ಕೆ. ಹಾಗಾಗಿ ಜಾಗ ನೋಡಿ ಆಡಬೇಕು. ಮಿಡ್‌ಟೌನ್‌ನಲ್ಲೂ ಫೈನಾನ್ಶಿಯಲ್ ಡಿಸ್ಟ್ರಿಕ್ಟ್‌ನಲ್ಲೂ ಉದ್ದನೆಯ ಸ್ವಿಂಗ್ ಸಿಗುತ್ತೆ. ಹಾರ್ಲೆಮ್‌ನ ಗಿಡ್ಡ ಕಟ್ಟಡಗಳ ಮಧ್ಯೆ ಅದೇ ಆಟ ಆಡೋಕೆ ಹೋದರೆ ಎತ್ತರ ಕರಗಿಹೋಗುತ್ತೆ, ಅಲ್ಲಿ ಅಂಚಿನಿಂದ ಅಂಚಿಗೆ ಚಿಮ್ಮೋದೇ ಲೇಸು. ಸೆಂಟ್ರಲ್ ಪಾರ್ಕ್‌ನಲ್ಲಿ ಮರಗಳೇ ಗತಿ. ಪಾರ್ಕಿಗೆ ನುಗ್ಗುವ ಮುಂಚೆ ಅಂಚಿನ ಎತ್ತರದ ಕಟ್ಟಡ ಹತ್ತಿ ಅಲ್ಲಿಂದ ಹಾರಿ.

ಅಭ್ಯಾಸಕ್ಕೆ ಆಟದಲ್ಲೇ ಒಳ್ಳೆ ಮೇಷ್ಟ್ರು ಇದ್ದಾನೆ: ಹೊವರ್ಡ್ ಅನ್ನೋ ಪಾತ್ರದ ಪಾರಿವಾಳಗಳು, ಅವನ್ನು ಬೆನ್ನಟ್ಟಿ ಹಿಡಿಯಬೇಕು. ಬಹಳ ಜನ ಇದನ್ನು ಬೋರ್ ಅಂತ ಬೈಯ್ತಾರೆ, ಆದರೆ ಡೈವ್ ಬಳಸದೆ ಆ ಹಕ್ಕಿ ಸಿಗೋದು ಕಷ್ಟ. ಅದು ಮೂಲೆಯಲ್ಲಿ ತಿರುಗುವಾಗ ನೀವು ಹಿಂದೆ ಬಿದ್ದರೆ ತಿರುವು ಕೆಟ್ಟಿದೆ ಅಂತ, ನೇರ ರಸ್ತೆಯಲ್ಲಿ ಹಿಂದೆ ಬಿದ್ದರೆ ಆರ್2 ತಡವಾಗಿ ಬಿಡ್ತಿದ್ದೀರಿ ಅಂತ. ಇಷ್ಟು ನೇರವಾಗಿ ತಪ್ಪು ತೋರಿಸುವ ಟ್ಯುಟೋರಿಯಲ್ ಇಡೀ ಗೇಮ್‌ನಲ್ಲಿ ಇನ್ನೊಂದಿಲ್ಲ.

ಈ ವೇಗಕ್ಕೆ ಒಂದು ಮಿತಿ ಇತ್ತು, ಅದಕ್ಕೆ ಪಿಎಸ್4ನ ಹಾರ್ಡ್ ಡಿಸ್ಕ್ ಕಾರಣ. ನೀವು ಮುಂದಕ್ಕೆ ಹಾರಿದ ಹಾಗೆ ಮುಂದಿನ ಬೀದಿಯ ಡೇಟಾವನ್ನು ಡಿಸ್ಕ್ ಓದಿ ಕೊಡಬೇಕು. ತಿರುಗುವ ಡಿಸ್ಕ್‌ನ ಸೂಜಿ ಅಲ್ಲಿಂದಿಲ್ಲಿಗೆ ಓಡಾಡುತ್ತಾ ಕೂತರೆ ಬೀದಿ ಬರೋ ಮುಂಚೆ ನೀವು ಬಂದಿರ್ತೀರಿ. ಅದಕ್ಕೇ ಒಂದೊಂದು ಬ್ಲಾಕ್‌ಗೆ ಬೇಕಾದ್ದನ್ನೆಲ್ಲ ಒಂದೇ ಕಡೆ ಸೇರಿಸಿ ಇಟ್ಟಿದ್ದರು. ರಸ್ತೆ ಬದಿಯ ಅಂಚೆ ಡಬ್ಬಿಯಂಥ ಸಾಮಾನಿನ ಡೇಟಾ ಡಿಸ್ಕ್‌ನಲ್ಲಿ ನಾನೂರು ಸಲ ನಕಲಾಗಿರೋದೂ ಉಂಟು ಅಂತ ಪಿಎಸ್5 ರೂಪಿಸಿದ ಮಾರ್ಕ್ ಸರ್ನಿ 2020ರ ಭಾಷಣದಲ್ಲಿ ವಿವರಿಸಿದ್ದಾರೆ. ಅದಕ್ಕೂ ಹಿಂದಿನ ವರ್ಷ ಅವರು ತೋರಿಸಿದ ಡೆಮೊದಲ್ಲಿ ಪಿಎಸ್4 ಪ್ರೊದಲ್ಲಿ 15 ಸೆಕೆಂಡ್ ಹಿಡಿಯುತ್ತಿದ್ದ ಫಾಸ್ಟ್ ಟ್ರಾವೆಲ್ (ಓಡಾಡದೆ ಮ್ಯಾಪ್‌ನ ಇನ್ನೊಂದು ಜಾಗಕ್ಕೆ ನೇರ ಹೋಗೋದು) ಹೊಸ ಯಂತ್ರದಲ್ಲಿ 0.8 ಸೆಕೆಂಡಿಗೆ ಇಳಿದಿತ್ತು.

ತಾಂತ್ರಿಕವಾಗಿ ಭಲೇ ಅನ್ನಬೇಕು. ಆದರೆ ನನ್ನ ಕೇಳಿದರೆ ಫಾಸ್ಟ್ ಟ್ರಾವೆಲ್ ಈ ಆಟಕ್ಕೆ ಬೇಕೇ ಇರಲಿಲ್ಲ. ಮೊದಲ ಭಾಗದಲ್ಲಿ ಮೆಟ್ರೋದಲ್ಲಿ ಪೂರ್ತಿ ವೇಷದಲ್ಲಿ ಕೂತಿರೋ ಸ್ಪೈಡರ್-ಮ್ಯಾನ್‌ನ ನೋಡಿ ನಗೋಕೆ ಒಂದೆರಡು ಸಲ ಬಳಸಿ, ಸಾಕು. ಎರಡನೇ ಭಾಗದಲ್ಲಿ ಕಣ್ಣು ಮಿಟುಕಿಸೋದರೊಳಗೆ ಊರಿನ ಇನ್ನೊಂದು ತುದಿ ಸೇರ್ತೀರಿ, ಅಂದರೆ ಆಟದ ಅತ್ಯುತ್ತಮ ಭಾಗವನ್ನು ಹಾರಿಸೋದು ಇನ್ನಷ್ಟು ಸಲೀಸು. ಆರ್ಕಮ್ ಸಿಟಿ ಗೇಮ್‌ನ ಬ್ಯಾಟ್‌ಮ್ಯಾನ್‌ಗೂ ಇದೇ ಮಾತು: ಎಆರ್ ಟ್ರೈನಿಂಗ್ ಅನ್ನೋ ಹಾರಾಟದ ಪರೀಕ್ಷೆಗಳನ್ನು ಮುಗಿಸಿ, ಹಗ್ಗದ ಬಲದಿಂದ ಮೇಲಕ್ಕೆ ಚಿಮ್ಮಿಸುವ ಗ್ರ್ಯಾಪ್ನೆಲ್ ಬೂಸ್ಟ್ ಪಡೆಯದೆ ಕಥೆ ಮುಗಿಸಿದವರು ಆ ಊರನ್ನು ಅರ್ಧವೇ ನೋಡಿದ್ದಾರೆ.

ಎರಡನೇ ಭಾಗ ಆಡುವವರು ಸೆಟ್ಟಿಂಗ್ಸ್‌ಗೆ ಹೋಗಿ ಸ್ವಿಂಗ್ ಸ್ಟೀರಿಂಗ್ ಅಸಿಸ್ಟೆನ್ಸ್ (ತಿರುಗೋಕೆ ಆಟವೇ ಕೊಡುವ ಸಹಾಯ) ಅನ್ನೋದನ್ನು ಹುಡುಕಿ. ಹತ್ತರಲ್ಲಿ ಇರುತ್ತೆ. ಒಮ್ಮೆಲೇ ಸೊನ್ನೆಗೆ ಇಳಿಸಿದರೆ ಗೋಡೆಗೋಡೆಗೆ ಬಡಿದುಕೊಂಡು ಬೇಜಾರಾಗಿ ವಾಪಸ್ ಏರಿಸ್ತೀರಿ. ಮೊದಲು ಐದು, ತಿರುವುಗಳು ಕೈಗೆ ಬಂದ ಮೇಲೆ ಎರಡು, ಆಮೇಲೆ ಸೊನ್ನೆ. ಸಹಾಯ ಕಡಿಮೆಯಾದಷ್ಟೂ ನೀವು ಗಳಿಸಿದ ವೇಗ ನಿಮ್ಮದಾಗಿಯೇ ಉಳಿಯುತ್ತೆ. ಬಿದ್ದರೆ ಏಟಾಗುವ ಆಯ್ಕೆಯೂ ಅಲ್ಲೇ ಇದೆ, ಅದನ್ನು ಕೊನೆಗೆ ಹಚ್ಚಿ. ಟ್ರಯಾಂಗಲ್‌ಗೆ ಬಿಚ್ಚಿಕೊಳ್ಳುವ ವೆಬ್ ವಿಂಗ್ಸ್ ಈಸ್ಟ್ ರಿವರ್ ದಾಟೋಕೆ ಬೇಕೇ ಬೇಕು. ಮ್ಯಾನ್‌ಹಟನ್ ಒಳಗೆ ಅದರಲ್ಲೇ ತೇಲುತ್ತಾ ಹೋಗೋದು ಸೋಮಾರಿತನ.

ಜಗಳಕ್ಕೂ ಇದೇ ತತ್ವ: ನೆಲಕ್ಕೆ ಅಂಟಿಕೊಂಡರೆ ಕೆಟ್ಟಿರಿ. ಸ್ಕ್ವೇರ್ ಒತ್ತಿ ಹಿಡಿದರೆ ಎದುರಾಳಿ ಮೇಲಕ್ಕೆ ಹಾರ್ತಾನೆ, ಅವನ ಜೊತೆ ನೀವೂ. ಗಾಳಿಯಲ್ಲೇ ಅವನನ್ನು ಮುಗಿಸಿ, ಟ್ರಯಾಂಗಲ್‌ನಿಂದ ಇನ್ನೊಬ್ಬನ ಮೇಲೆ ಎರಗಿ. ಕೆಳಗೆ ನಿಂತವರ ದೊಣ್ಣೆ ಮೇಲಕ್ಕೆ ಎಟುಕಲ್ಲ. ಗುರಾಣಿ ಹಿಡಿದವನನ್ನು ಎದುರಿನಿಂದ ಗುದ್ದಿ ಪ್ರಯೋಜನವಿಲ್ಲ, ಅವನ ಕಡೆಗೇ ಸರ್ಕಲ್ ಒತ್ತಿ ಕಾಲಡಿ ನುಸುಳಿ ಬೆನ್ನಿಗೆ ಕೊಡಿ. ದಪ್ಪ ದಾಂಡಿಗನಿಗೆ ಮೊದಲು ಆರ್1ನಲ್ಲಿ ಬಲೆ ಸುತ್ತಬೇಕು, ಇಲ್ಲದಿದ್ದರೆ ನಿಮ್ಮ ಗುದ್ದು ಅವನಿಗೆ ನೊಣ ಕೂತ ಹಾಗೂ ಅಲ್ಲ. ಗೋಡೆ ಹತ್ತಿರ ನಿಂತವನಿಗೆ ಇಂಪ್ಯಾಕ್ಟ್ ವೆಬ್ (ಜೋರಾಗಿ ಬಡಿಯುವ ಬಲೆ) ಒಂದೇ ಸಾಕು, ಅಲ್ಲೇ ಅಂಟಿಕೊಳ್ತಾನೆ.

ತಪ್ಪಿಸಿಕೊಳ್ಳೋದರಲ್ಲಿ ಆತುರವೇ ದೊಡ್ಡ ಶತ್ರು. ತಲೆ ಸುತ್ತ ಬಿಳಿ ಗೆರೆ ಕಂಡ ಕೂಡಲೇ ಸರ್ಕಲ್ ಒತ್ತಿದರೆ ಏಟು ತಪ್ಪುತ್ತೆ, ಅಷ್ಟೇ. ಅದು ನೀಲಿಗೆ ತಿರುಗುವವರೆಗೆ ಕಾದು ಒತ್ತಿದರೆ ಪರ್ಫೆಕ್ಟ್ ಡಾಡ್ಜ್, ಫೋಕಸ್ ಬಾರ್ ಚೆನ್ನಾಗಿ ತುಂಬುತ್ತೆ. ಅದೇ ಬಾರ್‌ನಿಂದ ಗಾಯ ವಾಸಿ ಮಾಡಿಕೊಳ್ಳೋದು, ಅದೇ ಬಾರ್‌ನಿಂದ ಫಿನಿಶರ್ (ಒಂದೇ ಏಟಿಗೆ ಮುಗಿಸುವ ಹೊಡೆತ) ಹೊಡೆಯೋದು. ಕಷ್ಟದ ಮಟ್ಟದಲ್ಲಿ ಫಿನಿಶರ್‌ಗಳನ್ನು ರಾಕೆಟ್ ಹಿಡಿದವರಿಗೆ, ದಾಂಡಿಗರಿಗೆ ಮೀಸಲಿಡಿ.

ಪಿಸಿಯಲ್ಲಿ ಆಡುವವರಿಗೆ: ಗೇಮ್ ಎಸ್‌ಎಸ್‌ಡಿಯಲ್ಲೇ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇರಲಿ. ನಿಂತಾಗ ಫ್ರೇಮ್ ರೇಟ್ ಚೆನ್ನಾಗಿದ್ದು ಸ್ವಿಂಗ್ ಮಾಡುವಾಗ ಮಾತ್ರ ಜಗ್ಗಿದರೆ ಗ್ರಾಫಿಕ್ಸ್ ಕಾರ್ಡ್ ಬೈಯ್ಯಬೇಡಿ, ಬಹುತೇಕ ಪ್ರೊಸೆಸರ್ ಏದುಸಿರು ಬಿಡ್ತಿರುತ್ತೆ. ಬೆಳಕು, ಪ್ರತಿಬಿಂಬಗಳನ್ನು ನಿಜದ ಹಾಗೆ ತೋರಿಸುವ ರೇ ಟ್ರೇಸಿಂಗ್‌ನ ಆಬ್ಜೆಕ್ಟ್ ರೇಂಜ್ (ಎಷ್ಟು ದೂರದ ವಸ್ತುಗಳವರೆಗೆ ಅನ್ನೋದು) ಇಳಿಸಿ, ಆಗಲೂ ಆಗದಿದ್ದರೆ ರೇ ಟ್ರೇಸಿಂಗನ್ನೇ ಆಫ್ ಮಾಡಿ. ಗಾಜಿನಲ್ಲಿ ಪ್ರತಿಬಿಂಬ ಸ್ವಲ್ಪ ಮಂಕಾದರೂ ಆರ್2 ಬಿಡುವ ಕ್ಷಣ ತಪ್ಪಲ್ಲ.