ಟರ್ಕಿ ಗುರುವಾರದ ಅಡುಗೆಯಲ್ಲ

ಟರ್ಕಿ ಕೋಳಿಯ ಊಟದ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಹತ್ತಿರ ಬಂತೆಂದರೆ ಅಮೆರಿಕದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: "ಟರ್ಕಿನ ಎಷ್ಟು ಗಂಟೆ ಓವನ್‌ನಲ್ಲಿ ಇಡಬೇಕು?" ಕೇಳಬೇಕಾದ್ದು ಅದಲ್ಲ. "ಫ್ರೀಜರಿಂದ ಯಾವತ್ತು ಹೊರಗೆ ತೆಗೀಬೇಕು?" ಅನ್ನೋದು. ಹಬ್ಬದ ದಿನ, ಅಂದರೆ ನವೆಂಬರಿನ ನಾಲ್ಕನೇ ಗುರುವಾರ, ಮಧ್ಯಾಹ್ನದ ಗಡಿಬಿಡಿ ಬಹುಮಟ್ಟಿಗೆ ಹಿಂದಿನ ಶನಿವಾರ ಮಾಡದೆ ಬಿಟ್ಟ ಕೆಲಸದ ಫಲ.

ಲೆಕ್ಕ ಸರಳ. ಫ್ರಿಜ್ಜಿನಲ್ಲಿ ಕರಗಲು ಪ್ರತಿ 4–5 ಪೌಂಡಿಗೆ ಒಂದು ಇಡೀ ದಿನ ಬೇಕು. 12 ಪೌಂಡಿನ ಹಕ್ಕಿಗೆ ಮೂರು ದಿನ. ಶನಿವಾರ ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ, ಅಡಿಯಲ್ಲೊಂದು ಟ್ರೇ ಇಡಿ, ಇಲ್ಲದಿದ್ದರೆ ಸೋರಿದ ನೀರು ಕೊತ್ತಂಬರಿ ಸೊಪ್ಪಿನ ಮೇಲೆ ಹೋಗುತ್ತೆ. ಮರೆತು ಬುಧವಾರ ನೆನಪಾಯಿತಾ? ಕವರ್ ಬಿಚ್ಚದೆ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಪೌಂಡಿಗೆ ಅರ್ಧ ಗಂಟೆಯಂತೆ 12 ಪೌಂಡಿಗೆ ಆರು ಗಂಟೆ. ಹೀಗೆ ಕರಗಿಸಿದ್ದನ್ನು ತಕ್ಷಣ ಬೇಯಿಸಬೇಕು. ಕಟ್ಟೆಯ ಮೇಲೆ ರಾತ್ರಿಯಿಡೀ ಬಿಡೋದು, ಬಿಸಿನೀರು ಹೊಯ್ಯೋದು ಮಾತ್ರ ಬೇಡವೇ ಬೇಡ. ಒಳಗೆ ಕಲ್ಲಿನಂತಿರುವಾಗಲೇ ಹೊರಮೈ ಕೆಡೋಕೆ ಶುರುವಾಗಿರುತ್ತೆ.

ಎಷ್ಟು ದೊಡ್ಡದು ಕೊಳ್ಳಬೇಕು? ತಲೆಗೆ ಒಂದರಿಂದ ಒಂದೂವರೆ ಪೌಂಡ್, ಮೂಳೆ ಸೇರಿ. ತಲೆ ಎಣಿಸುವಾಗ ತಿನ್ನೋರನ್ನು ಮಾತ್ರ ಎಣಿಸಿ. ಹದಿನಾರು ಜನ ಬರ್ತಾರೆ ಅಂತ 20 ಪೌಂಡಿನದು ತಂದು, ಅದರಲ್ಲಿ ಎಂಟು ಜನ ಸಸ್ಯಾಹಾರಿಗಳು ಅಂತ ಆಮೇಲೆ ನೆನಪಾಗೋದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ತಿನ್ನೋರು ಎಂಟೇ ಜನ ಆದರೆ 12 ಪೌಂಡ್ ಸಾಕು. ಅದಕ್ಕಿಂತ ಹೆಚ್ಚು ಬೇಕಾದರೆ ಸಣ್ಣವು ಎರಡು ತನ್ನಿ, ದೊಡ್ಡದೊಂದು ಬೇಡ.

ಇನ್ನು ನನ್ನ ನಿಜವಾದ ತಕರಾರು. ಜಾಹೀರಾತುಗಳಲ್ಲಿ ಕಾಣುವ, ತಟ್ಟೆಯ ಮೇಲೆ ಎದೆಯುಬ್ಬಿಸಿ ಕೂತ ಇಡೀ ಟರ್ಕಿಯ ಚಿತ್ರ ಇದೆಯಲ್ಲ, ಅದನ್ನು ಮರೆತುಬಿಡಿ. ಎದೆ ಮಾಂಸಕ್ಕೆ 165 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ರಸ ಹೋಗಿ ಒಣಗುತ್ತೆ. ತೊಡೆಯಲ್ಲಿ ನಾರು ಜಾಸ್ತಿ, ಅದು ಮೆತ್ತಗಾಗಲು 175 ಬೇಕು. ಇಡಿಯಾಗಿ ಇಟ್ಟಾಗ ಎದೆ ಮೇಲೆ ಚಾಚಿಕೊಂಡು ಬಿಸಿಗೆ ಒಡ್ಡಿಕೊಂಡಿರುತ್ತೆ, ತೊಡೆಯ ಸಂದು ಕೆಳಗೆ ಮರೆಯಾಗಿರುತ್ತೆ. ತೊಡೆ ಬೇಯುವಷ್ಟರಲ್ಲಿ ಎದೆ ಹತ್ತಿಯಂತಾಗುತ್ತೆ. ಆಮೇಲೆ ಎಲ್ಲರೂ "ಟರ್ಕಿನೇ ಸಪ್ಪೆ ಬಿಡಿ" ಅಂತಾರೆ. ತಪ್ಪು ಹಕ್ಕಿಯದಲ್ಲ, ಇಟ್ಟ ಭಂಗಿಯದು.

ಪರಿಹಾರ ಬೆನ್ನುಮೂಳೆ ತೆಗೆಯೋದು. ಮಂಗಳವಾರ ರಾತ್ರಿ ಕವರ್ ಬಿಚ್ಚಿ, ಹೊಟ್ಟೆಯೊಳಗೂ ಕತ್ತಿನ ಕಡೆಯ ಸಂದಿಯಲ್ಲೂ ಕೈಹಾಕಿ ಕತ್ತಿನ ತುಂಡು, ಈಲಿ ಇರುವ ಪೊಟ್ಟಣ ಹುಡುಕಿ ತೆಗೆಯಿರಿ. ಒಂದು ಕಡೆ ಸಿಗಲಿಲ್ಲವೆಂದರೆ ಇಲ್ಲವೆಂದಲ್ಲ, ಇನ್ನೊಂದು ಕಡೆ ಇರುತ್ತೆ. ಎದೆ ಕೆಳಗಾಗಿ ಮಲಗಿಸಿ, ಗಟ್ಟಿ ಅಡುಗೆ ಕತ್ತರಿಯಿಂದ ಬೆನ್ನುಮೂಳೆಯ ಎರಡೂ ಬದಿ ಬಾಲದಿಂದ ಕತ್ತಿನವರೆಗೆ ಕತ್ತರಿಸಿ. ತೊಡೆ ಸೇರುವ ಜಾಗದಲ್ಲಿ ಕತ್ತರಿ ಸಿಕ್ಕಿಕೊಳ್ಳುತ್ತೆ, ಅಲ್ಲಿ ಒಂದೆರಡು ಮಿಲಿಮೀಟರ್ ಒಳಗೆ ಸರಿದರೆ ದಾರಿ ಸಿಗುತ್ತೆ. ತಿರುಗಿಸಿ, ಎದೆಯ ಮೇಲೆ ಎರಡೂ ಅಂಗೈ ಊರಿ ಒತ್ತಿ. 'ಟಕ್' ಅಂತ ಸದ್ದಾಗಿ ಚಪ್ಪಟೆಯಾಗುತ್ತೆ, ಮರೆಯಲ್ಲಿದ್ದ ತೊಡೆಯೂ ಬಿಸಿಗೆ ಒಡ್ಡಿಕೊಳ್ಳುತ್ತೆ. ಕೈಲಾಗದಿದ್ದರೆ ಅಂಗಡಿಯ ಮಾಂಸದ ಕೌಂಟರಿನಲ್ಲಿ ಕೇಳಿ, ಕರಗಿದ ಹಕ್ಕಿಯಾದರೆ ಎಷ್ಟೋ ಕಡೆ ಮಾಡಿಕೊಡ್ತಾರೆ.

ತೊಳೆಯಬೇಡಿ. ಕೋಳಿಯನ್ನು ಅರಿಶಿನ ಹಾಕಿ ತೊಳೆದೇ ಅಭ್ಯಾಸ ಇರುವವರಿಗೆ ಇದು ಕಸಿವಿಸಿಯಾದೀತು, ಆದರೆ ಅಮೆರಿಕದ ಕೃಷಿ ಇಲಾಖೆಯ ಸಲಹೆಯೂ ಇದೇ. ತೊಳೆದ ನೀರು ಸಿಂಕಿನ ಸುತ್ತ ಸಿಡಿದು ಕ್ರಿಮಿ ಹರಡುತ್ತೆ. ಬೇಯಿಸಿದಾಗ ಅವು ಹೇಗೂ ಸಾಯುತ್ತವೆ. ಪೇಪರ್ ಟವೆಲಿನಿಂದ ಒತ್ತಿ ಒರೆಸಿ, ಅಷ್ಟೆ. ಒದ್ದೆ ಚರ್ಮ ಗರಿಗರಿ ಆಗಲ್ಲ.

ಉಪ್ಪು: ಪುಡಿ ಉಪ್ಪಾದರೆ ಪೌಂಡಿಗೆ ಅರ್ಧ ಟೀ ಚಮಚ, ಡೈಮಂಡ್ ಕ್ರಿಸ್ಟಲ್ ಬ್ರ್ಯಾಂಡಿನ ಕೋಷರ್ ಉಪ್ಪಾದರೆ (ದಪ್ಪ ಹರಳಿನದು) ಒಂದು. ಹರಳು ಹಗುರ, ಅದಕ್ಕೇ ಈ ವ್ಯತ್ಯಾಸ. ಎಲ್ಲಾ ಕಡೆ ಸವರಿ, ಮುಚ್ಚದೆ ಫ್ರಿಜ್ಜಿನಲ್ಲಿಡಿ. ಗುರುವಾರಕ್ಕೆ ಉಪ್ಪು ಒಳಗಿಳಿದಿರುತ್ತೆ, ಚರ್ಮ ಒಣಗಿರುತ್ತೆ. ಆದರೆ ಮೊದಲು ಲೇಬಲ್ ಓದಿ. ಉಪ್ಪುನೀರಿನ ದ್ರಾವಣ ಸೇರಿಸಿದ್ದು ಅಂತಲೋ ಕೋಷರ್ (ಯಹೂದಿ ಪದ್ಧತಿಯಂತೆ ಸಿದ್ಧಪಡಿಸಿದ್ದು) ಅಂತಲೋ ಇದ್ದರೆ ಅದಕ್ಕೆ ಆಗಲೇ ಉಪ್ಪು ಬಿದ್ದಿದೆ. ಮತ್ತೆ ಹಾಕಿದರೆ ಅದರಿಂದ ಇಳಿದ ರಸದಲ್ಲಿ ಮಾಡೋ ಗ್ರೇವಿ ಬಾಯಿಗಿಡೋಕಾಗಲ್ಲ.

ಮಸಾಲೆ ಬೇಕೇ ಬೇಕು ಅನ್ನೋರಿಗೆ ಒಂದು ಮಾತು. ಮೊಸರು, ಶುಂಠಿ-ಬೆಳ್ಳುಳ್ಳಿ, ಖಾರದ ಪುಡಿ ಕಲಸಿ ಮೇಲೆ ಬಳಿದರೆ ಜೋರು ಓವನ್‌ನಲ್ಲಿ ಅದು ಕಪ್ಪಾಗಿ ಕಹಿಯಾಗುತ್ತೆ, ಅಡಿಯ ಚರ್ಮ ರಬ್ಬರಿನಂತಾಗುತ್ತೆ. ಬೆಣ್ಣೆಯಲ್ಲಿ ಧನಿಯ, ಮೆಣಸು, ಬೆಳ್ಳುಳ್ಳಿ ಕಲಸಿ ಚರ್ಮದ ಕೆಳಗೆ ಬೆರಳಿನಿಂದ ತೂರಿಸಿ. ಮೇಲೆ ಬರೀ ಎಣ್ಣೆ.

ಬುಧವಾರ ಉಳಿದದ್ದು. ಬೆನ್ನುಮೂಳೆ, ಕತ್ತು, ಒಂದು ಈರುಳ್ಳಿ, ಕ್ಯಾರೆಟ್ ಹುರಿದು ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಕುದಿಸಿದರೆ ಗ್ರೇವಿಗೆ ಸ್ಟಾಕ್ ಸಿದ್ಧ. 12 ಔನ್ಸ್ ಕ್ರ್ಯಾನ್‌ಬೆರಿ, ಒಂದು ಕಪ್ ಸಕ್ಕರೆ, ಒಂದು ಕಪ್ ನೀರು, ಹತ್ತು ನಿಮಿಷ: ಸಾಸ್ ಮುಗೀತು. ಪೈ ಕೂಡ ಅವತ್ತೇ.

ಗುರುವಾರ ಓವನ್ 425 ಡಿಗ್ರಿಗೆ. ಅಗಲ ಟ್ರೇಯಲ್ಲಿ ದಪ್ಪಗೆ ಹೆಚ್ಚಿದ ಈರುಳ್ಳಿ, ಸೆಲರಿ, ಒಂದು ಕಪ್ ನೀರು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಟರ್ಕಿ. ಟ್ರೇ ಒಣಗಿದ್ದರೆ ಕೊಬ್ಬು ಬಿದ್ದು ಸುಟ್ಟು ಹೊಗೆ ಅಲಾರಾಂ ಬಡಿದುಕೊಳ್ಳುತ್ತೆ. ಒಗ್ಗರಣೆಗೇ ಕೂಗುವ ಅಲಾರಾಂ ಇದನ್ನು ಬಿಡುತ್ತಾ? ಇಡಿಯದು 325ರಲ್ಲಿ ಮೂರರಿಂದ ಮೂರೂಮುಕ್ಕಾಲು ಗಂಟೆ ತಗೊಂಡರೆ, ಚಪ್ಪಟೆಯದು ಒಂದೂಕಾಲರಿಂದ ಒಂದೂಮುಕ್ಕಾಲು ಗಂಟೆಯಲ್ಲಿ ಆಗುತ್ತೆ. 70 ನಿಮಿಷಕ್ಕೇ ಥರ್ಮಾಮೀಟರ್ ಚುಚ್ಚಿ ನೋಡಲು ಶುರುಮಾಡಿ, ಎದೆಯ ಅತಿ ದಪ್ಪ ಜಾಗದಲ್ಲಿ, ಮೂಳೆ ತಾಗದಂತೆ. ತಾಗಿದರೆ ಸುಳ್ಳು ಅಂಕಿ. ಎದೆ 165, ತೊಡೆ 175 ತೋರಿಸಿದ ತಕ್ಷಣ ಹೊರಗೆ. ಹಕ್ಕಿಗೇ ಚುಚ್ಚಿ ಬರುವ ಪ್ಲಾಸ್ಟಿಕ್ ಗುಂಡಿ ಮೇಲೇಳಲಿ ಅಂತ ಕಾಯಬೇಡಿ. ಅದು ಎದ್ದಾಗ ಸಾಮಾನ್ಯವಾಗಿ ಎದೆ ಒಣಗಿಯಾಗಿರುತ್ತೆ.

ಅರ್ಧ ಗಂಟೆ ಮುಟ್ಟದೆ ಬಿಡಿ. ಖಾಲಿಯಾದ ಓವನ್ ಆಗ ಬ್ರೆಡ್ಡಿನ ಸ್ಟಫಿಂಗಿಗೆ, ಗೆಣಸಿಗೆ. ಸ್ಟೋವಿನ ಮೇಲೆ ಟ್ರೇಯಲ್ಲಿ ಇಳಿದ ಕೊಬ್ಬು ಆರು ಟೇಬಲ್ ಚಮಚ, ಮೈದಾ ಆರು ಚಮಚ ಹುರಿದು, ನಾಲ್ಕು ಕಪ್ ಸ್ಟಾಕನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಕಿ. ಒಮ್ಮೆಗೇ ಸುರಿದರೆ ಗಂಟು. ರುಚಿ ನೋಡದೆ ಉಪ್ಪು ಬೇಡ.

ಸಸ್ಯಾಹಾರಿಗಳ ವಿಷಯಕ್ಕೆ ಬಂದರೆ, "ಟರ್ಕಿ ಬಿಟ್ಟು ಉಳಿದದ್ದೆಲ್ಲ ತಿನ್ನಬಹುದು" ಅಂತ ಹೇಳೋ ಮುಂಚೆ ಪ್ಯಾಕೆಟ್ ತಿರುಗಿಸಿ ನೋಡಿ. ಗೆಣಸಿನ ಮೇಲಿನ ಮಾರ್ಷ್‌ಮೆಲ್ಲೋದಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್. ಪೆಟ್ಟಿಗೆಯ ಸ್ಟಫಿಂಗ್ ಮಿಕ್ಸ್ ಎಷ್ಟೋ ಬಾರಿ ಚಿಕನ್ ಸ್ಟಾಕಿನದು. ಕೆಲವು ರೆಡಿಮೇಡ್ ಪೈ ಹಿಟ್ಟಿನಲ್ಲಿ ಹಂದಿ ಕೊಬ್ಬು. ಅವರಿಗೆ ಗ್ರೇವಿಯನ್ನು ಬೆಣ್ಣೆ, ಮೈದಾ, ಒಣ ಅಣಬೆ ನೆನೆಸಿದ ನೀರಿನಲ್ಲಿ ಮಾಡಿ, ಸೌಟು ಬೇರೆ ಇಡಿ. ಟರ್ಕಿ ಟ್ರೇಯ ಕೆಳಗಿನ ಹಂತದಲ್ಲಿ ಅವರ ಪಾತ್ರೆ ಇಡಲೇಬೇಡಿ.

ಬೇಯಿಸಿದ ಆಲೂಗಡ್ಡೆ ಮಿಕ್ಸಿಗೆ ಹಾಕಬೇಡಿ, ಗೋಂದಾಗುತ್ತೆ. ಕೈಯಲ್ಲೇ ಮಸೆಯಿರಿ.

ಉಳಿದ ಮಾಂಸವನ್ನು ಎರಡು ಗಂಟೆಯೊಳಗೆ ಮೂಳೆಯಿಂದ ಬಿಡಿಸಿ ಫ್ರಿಜ್ಜಿಗೆ, ಮೂರು ನಾಲ್ಕು ದಿನದೊಳಗೆ ಖಾಲಿ ಮಾಡಿ. ಮೂಳೆ ಕುಕ್ಕರಿಗೆ ಹಾಕಿ ಮೆಣಸು, ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಸೇರಿಸಿದರೆ ಚಳಿಗೆ ಹೇಳಿಮಾಡಿಸಿದ ಸಾರು. ಪಲಾವ್ ಮಾಡೋದಾದರೆ ಮಾಂಸವನ್ನು ಅಕ್ಕಿ ಜೊತೆ ಬೇಯಿಸಬೇಡಿ. ಅನ್ನ ಅರಳಿದ ಮೇಲೆ ಹರಡಿ, ಐದು ನಿಮಿಷ ಮುಚ್ಚಿಡಿ.