ಹೆಸರು ಒಂದೇ ಅಂದ ತಕ್ಷಣ ಆಳೂ ಒಬ್ನೇ ಆಗಲ್ಲ

ಸ್ವಲ್ಪ ಸಾಮಾನ್ಯ ಅನ್ಸೋ ಯಾವುದಾದ್ರೂ ಹೆಸರು ತಗೊಂಡು ಪಕ್ಕದಲ್ಲಿ ಪೇಟೆಂಟ್ ಅಂತ ಸೇರಿಸಿ ಒಂದ್ಸಲ ಸರ್ಚ್ ಮಾಡಿ ನೋಡಿ. ಹೃದಯದ ರಕ್ತನಾಳಕ್ಕೆ ಹಾಕೋ ಸ್ಟೆಂಟು, ಡೀಸೆಲ್ ಇಂಜಿನ್ನಿನ ವಾಲ್ವು, ಮೆಮೊರಿ ಚಿಪ್ಪು, ಮಕ್ಕಳ ಡಯಾಪರು ಎಲ್ಲಾ ಒಬ್ನೇ ಮನುಷ್ಯ ಕಂಡುಹಿಡಿದ ಹಾಗೆ ಸಾಲಾಗಿ ಬಂದು ನಿಲ್ಲತ್ತೆ. ಅದ್ರ ಕೆಳಗೇ ಅದೇ ಹೆಸರಿನ ಇನ್ಯಾರದ್ದೋ ನೌಕರಿಯ ಇತಿಹಾಸ, ಯಾವ ಕಂಪನಿಲಿ ಎಷ್ಟು ವರ್ಷ, ಯಾವ ಕಾಲೇಜು, ಈಗ ಯಾವ ಹುದ್ದೆ, ಎಲ್ಲಾ ಅಂಟಿಸಿರ್ತಾರೆ. ಒಬ್ಬ ಮನುಷ್ಯನೂ ಕೂತು ಓದಿ ಬರೆದ ಪುಟ ಅಲ್ಲ ಅದು, ಹೆಸರಿಗೆ ಹೆಸರು ತಾಳೆ ಆಯ್ತಾ, ಸೇರಿಸು, ಅಷ್ಟೇ ಲೆಕ್ಕ. ಇದನ್ನ ಬರೀ ಡೇಟಾ ಎಡವಟ್ಟು ಅಂತ ಬಿಟ್ಟುಬಿಡೋಕೆ ನಂಗೆ ಆಗಲ್ಲ. ಒಬ್ಬರ ದುಡಿಮೆಯನ್ನ ಕಿತ್ತು ಇನ್ನೊಬ್ಬರ ಖಾತೆಗೆ ಬರೆಯೋ ಕೆಲಸ ಇದು, ಯಾರೂ ಕೇಳೋರಿಲ್ಲ ಅಂತ ನಡೀತಾ ಇದೆ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳ್ತೀನಿ ಅಂದ್ರೆ, ಪೇಟೆಂಟ್ ಅಂದ್ರೆ ಕೋಟಿಗಟ್ಟಲೆ ದುಡ್ಡು ಅಂತ ಹೊರಗಿನೋರು ಅಂದ್ಕೊಂಡಿರ್ತಾರೆ, ಆದ್ರೆ ಸಂಬಳಕ್ಕೆ ದುಡಿಯೋ ಇಂಜಿನಿಯರ್‌ಗೆ ಸಾಮಾನ್ಯವಾಗಿ ಆ ಪೇಟೆಂಟಿನ ಹಕ್ಕು ಇರೋದೇ ಇಲ್ಲ. ಕೆಲಸಕ್ಕೆ ಸೇರೋ ದಿನಾನೇ ಏನು ಕಂಡುಹಿಡಿದ್ರೂ ಕಂಪನಿಗೆ ಸೇರಿದ್ದು ಅಂತ ಸಹಿ ಹಾಕಿಸ್ಕೊಂಡಿರ್ತಾರೆ. ಕೊನೆಗೆ ಉಳಿಯೋದು ಮೊದಲ ಪುಟದಲ್ಲಿ ಇನ್ವೆಂಟರ್, ಅಂದ್ರೆ ಕಂಡುಹಿಡಿದೋರು, ಅನ್ನೋ ಜಾಗದಲ್ಲಿ ಅಚ್ಚಾಗಿರೋ ಹೆಸರು ಒಂದೇ. ಆ ಹೆಸರಿನ ಬೆಲೆ ಏನು ಅಂತ ಕಾನೂನು ಮಾಡಿದೋರಿಗೂ ಗೊತ್ತಿತ್ತು. 1883ರ ಪ್ಯಾರಿಸ್ ಒಪ್ಪಂದಕ್ಕೆ 1934ರಲ್ಲಿ ಲಂಡನ್‌ನಲ್ಲಿ ತಿದ್ದುಪಡಿ ತಂದಾಗ, ಇನ್ವೆಂಟರ್‌ಗೆ ಪೇಟೆಂಟ್‌ನಲ್ಲಿ ತನ್ನ ಹೆಸರು ಹಾಕಿಸ್ಕೊಳೋ ಹಕ್ಕಿದೆ ಅಂತ ಬೇರೆ ಕಲಮೇ ಸೇರಿಸಿದ್ರು. ಸರಿ, ಹೆಸರೇನೋ ಹಾಕಿದ್ರು, ಆದ್ರೆ ಆ ಹೆಸರು ಯಾರದ್ದು ಅಂತ ಓದೋರಿಗೆ ಗೊತ್ತಾಗದಿದ್ರೆ ಆ ಹಕ್ಕಿಗೆ ಏನರ್ಥ ಉಳೀತು?

ಈ ಗೊಂದಲ ಇವತ್ತು ನಿನ್ನೆದಲ್ಲ. ಥಾಮ್ಸನ್ ಅನ್ನೋ ಒಂದೇ ಹೆಸರು ತಗೊಳ್ಳಿ. ರಾಬರ್ಟ್ ವಿಲಿಯಂ ಥಾಮ್ಸನ್ ಅಂತ ಒಬ್ಬ ಸ್ಕಾಟ್ಲೆಂಡಿನವನು, ಗಾಳಿ ತುಂಬಿದ ಟೈರಿಗೆ 1845ರಲ್ಲೇ ಪೇಟೆಂಟ್ ತಗೊಂಡಿದ್ದ. ಮುಂದೆ 1888ರಲ್ಲಿ ಡನ್‌ಲಪ್ ಅದೇ ಐಡಿಯಾಗೆ ಪೇಟೆಂಟ್ ತಗೊಂಡ್ರೆ ಅದು ನಿಲ್ಲಲಿಲ್ಲ, ಕಾರಣ ಈ ಥಾಮ್ಸನ್ನನ ಹಳೇ ಪೇಟೆಂಟು. ಅದೇ ಕಾಲದಲ್ಲಿ ವಿಲಿಯಂ ಥಾಮ್ಸನ್ ಅಂತ ಇನ್ನೊಬ್ಬ, ಅಟ್ಲಾಂಟಿಕ್ ಸಮುದ್ರದಡಿ ಹಾಕಿದ ಟೆಲಿಗ್ರಾಫ್ ಕೇಬಲ್ಲಿನ ಸಿಗ್ನಲ್ ಹಿಡಿಯೋ ಗ್ಯಾಲ್ವನೋಮೀಟರು, ಹಡಗಿನ ದಿಕ್ಸೂಚಿ ಇವೆಲ್ಲದಕ್ಕೂ ಪೇಟೆಂಟ್ ತಗೊಂಡವನು. ಅವನ ಅಣ್ಣ ಜೇಮ್ಸ್ ಥಾಮ್ಸನ್, ನೀರಿನ ಟರ್ಬೈನ್ ಮಾಡಿದವನು. ಅಮೆರಿಕದಲ್ಲಿ ಎಲಿಹು ಥಾಮ್ಸನ್, ಅವನ ಹೆಸರಲ್ಲಿ ಹತ್ತಿರ ಹತ್ತಿರ 700 ಪೇಟೆಂಟು, ವಿದ್ಯುತ್ತಿನಿಂದ ಲೋಹ ಬೆಸೆಯೋ ರೆಸಿಸ್ಟೆನ್ಸ್ ವೆಲ್ಡಿಂಗ್ ಅವನದ್ದೇ, ಅವನ ಥಾಮ್ಸನ್-ಹ್ಯೂಸ್ಟನ್ ಕಂಪನಿ 1892ರಲ್ಲಿ ಎಡಿಸನ್ ಕಂಪನಿ ಜೊತೆ ಸೇರಿ ಜನರಲ್ ಎಲೆಕ್ಟ್ರಿಕ್ ಆಯ್ತು. ಇವರೆಲ್ಲರ ಜೊತೆಗೆ 1897ರಲ್ಲಿ ಎಲೆಕ್ಟ್ರಾನ್ ಕಂಡುಹಿಡಿದ ಜೆ. ಜೆ. ಥಾಮ್ಸನ್ ಬೇರೆ. ಜೂಲ್-ಥಾಮ್ಸನ್ ಎಫೆಕ್ಟ್ ವಿಲಿಯಮ್ಮಂದು, ಥಾಮ್ಸನ್ ಸ್ಕ್ಯಾಟರಿಂಗ್ ಜೆ. ಜೆ.ದು. ಫಿಸಿಕ್ಸ್ ಓದೋ ಮಕ್ಕಳು ಇವತ್ತಿಗೂ ಇಬ್ಬರನ್ನೂ ಒಬ್ಬನೇ ಅಂದ್ಕೊಂಡು ಪರೀಕ್ಷೆ ಬರೆದು ಬರ್ತಾರೆ. ಫ್ರಾನ್ಸಿನ ಥಾಮ್ಸನ್ ಅನ್ನೋ ಎಲೆಕ್ಟ್ರಾನಿಕ್ಸ್ ಕಂಪನಿ ಗೊತ್ತಲ್ಲ, ಆ ಹೆಸರು ಬಂದಿದ್ದು ಎಲಿಹುನಿಂದ, ಎಲೆಕ್ಟ್ರಾನ್ ಥಾಮ್ಸನ್‌ನಿಂದ ಅಲ್ಲ.

ಆದ್ರೂ ಇವರು ಬಚಾವಾದ್ರು. ವಿಲಿಯಂ ಥಾಮ್ಸನ್ 1892ರಲ್ಲಿ ಲಾರ್ಡ್ ಕೆಲ್ವಿನ್ ಆಗ್ಬಿಟ್ಟ, ಹೆಸರೇ ಬದಲಾಯ್ತು. ಉಳಿದೋರ ಬಗ್ಗೆ ಜೀವನಚರಿತ್ರೆ ಬರೆಯೋರು ಇದ್ರು, ಇತಿಹಾಸಕಾರರು ಕೂತು ಯಾರದು ಯಾವುದು ಅಂತ ಬಿಡಿಸಿಟ್ರು. ಚಾರ್ಲ್ಸ್ ಗುಡ್‌ಇಯರ್ ವಿಷಯನೂ ಹಾಗೇ. ರಬ್ಬರನ್ನ ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡೋ ವಿಧಾನಕ್ಕೆ 1844ರಲ್ಲಿ ಪೇಟೆಂಟ್ ತಗೊಂಡಿದ್ದು ಅಪ್ಪ, ಶೂ ಹೊಲಿಯೋ ಗುಡ್‌ಇಯರ್ ವೆಲ್ಟ್ ಅಂತಾರಲ್ಲ ಅದು ಅದೇ ಹೆಸರಿನ ಮಗಂದು, ಟೈರ್ ಕಂಪನಿ ಶುರುವಾಗಿದ್ದು 1898ರಲ್ಲಿ, ಅಷ್ಟೊತ್ತಿಗೆ ಅಪ್ಪ ಸಾಲದಲ್ಲೇ ಸತ್ತು 38 ವರ್ಷ ಆಗಿತ್ತು, ಆ ಕಂಪನಿಗೂ ಆ ಕುಟುಂಬಕ್ಕೂ ಸಂಬಂಧಾನೇ ಇರ್ಲಿಲ್ಲ. ನಮ್ಮ ಕಾಲಕ್ಕೆ ಬಂದ್ರೆ ಇಬ್ಬರು ಜಾರ್ಜ್ ಸ್ಮಿತ್, ಇಬ್ಬರಿಗೂ ನೊಬೆಲ್. ಜಾರ್ಜ್ ಇ. ಸ್ಮಿತ್ ಡಿಜಿಟಲ್ ಕ್ಯಾಮೆರಾದ ಕಣ್ಣಾದ ಸಿಸಿಡಿ ಮಾಡಿದ್ದಕ್ಕೆ 2009ರಲ್ಲಿ ಫಿಸಿಕ್ಸ್ ನೊಬೆಲ್ ಹಂಚ್ಕೊಂಡವರು, ಜಾರ್ಜ್ ಪಿ. ಸ್ಮಿತ್ ಫೇಜ್ ಡಿಸ್‌ಪ್ಲೇ ಅನ್ನೋ ವಿಧಾನಕ್ಕೆ 2018ರಲ್ಲಿ ಕೆಮಿಸ್ಟ್ರಿ ನೊಬೆಲ್ ಹಂಚ್ಕೊಂಡವರು. ಮಧ್ಯದ ಒಂದೇ ಒಂದು ಅಕ್ಷರ ಅವರಿಬ್ಬರನ್ನ ಬೇರೆ ಮಾಡ್ತಿದೆ. ನೊಬೆಲ್ ಬಂದಿದ್ದಕ್ಕೆ ಲೋಕ ಆ ಅಕ್ಷರನೂ ನೆನಪಿಟ್ಕೊಂಡಿದೆ. ನೊಬೆಲ್ ಬರದೇ ಇರೋ ಸಾವಿರಾರು ಸ್ಮಿತ್‌ಗಳ ಗತಿ ಏನು?

ನನ್ನ ಕೆಲಸ ಪೇಟೆಂಟ್ ಸರ್ಚು, ದಿನಾ ಇದೇ ದಾಖಲೆಗಳ ಜೊತೆಗೇ ನನ್ನ ಬದುಕು. ಹಾಗಾಗಿ ಒಬ್ಬ ಇನ್ವೆಂಟರ್ ಯಾರು ಅಂತ ಹೇಗೆ ಗುರುತು ಹಿಡಿಯೋದು ಅಂತ ಸ್ವಲ್ಪ ಹತ್ತಿರದಿಂದ ಹೇಳ್ತೀನಿ. ಪೇಟೆಂಟಿನ ಮೊದಲ ಪುಟದಲ್ಲಿ ಸಣ್ಣ ಸಣ್ಣ ನಂಬರ್ ಇರತ್ತೆ, ಭಾಷೆ ಯಾವುದೇ ಆದ್ರೂ ಹೆಚ್ಚಿನ ದೇಶಗಳ ಪೇಟೆಂಟಲ್ಲಿ ಅದೇ ಕೋಡು. 72 ಅಂದ್ರೆ ಇನ್ವೆಂಟರ್, 73 ಅಂದ್ರೆ ಹಕ್ಕು ಯಾರದ್ದು, 22 ಅಂದ್ರೆ ಅರ್ಜಿ ಹಾಕಿದ ದಿನ, 54 ಶೀರ್ಷಿಕೆ. ಅಮೆರಿಕದ ಪೇಟೆಂಟಲ್ಲಿ 72ರ ಎದುರಿಗೆ ಹೆಸರು, ಊರು, ರಾಜ್ಯ ಅಥವಾ ದೇಶ, ಅಷ್ಟೇ. ಹುಟ್ಟಿದ ದಿನ ಇಲ್ಲ, ಗುರುತಿನ ನಂಬರ್ ಇಲ್ಲ. ಆದ್ದರಿಂದ ನಾವು ಹೆಸರನ್ನ ಪಕ್ಕಕ್ಕಿಟ್ಟು ಮೊದಲು ನೋಡೋದು ಜೊತೆಗೆ ಇರೋ ಬೇರೆ ಹೆಸರುಗಳನ್ನ. ಒಬ್ಬ ಜಾನ್ ಸ್ಮಿತ್ ಕ್ಯಾತಿಟರ್ ಪೇಟೆಂಟಲ್ಲಿ ಇಬ್ಬರು ಅಪರೂಪದ ಹೆಸರಿನೋರ ಜೊತೆ ಇದ್ದು, ನಾಲ್ಕು ವರ್ಷ ಬಿಟ್ಟು ಇನ್ನೊಂದು ಕಂಪನಿಯ ಪೇಟೆಂಟಲ್ಲಿ ಅದೇ ಇಬ್ಬರಲ್ಲಿ ಒಬ್ಬರ ಜೊತೆ ಮತ್ತೆ ಕಂಡ್ರೆ, ಹೆಚ್ಚುಕಮ್ಮಿ ಅದೇ ಜಾನ್ ಸ್ಮಿತ್. ಆಮೇಲೆ ಹಕ್ಕುದಾರ ಕಂಪನಿ, ಊರು, ತಂತ್ರಜ್ಞಾನದ ವರ್ಗ, ಹಳೇ ಪೇಟೆಂಟನ್ನ ಹೊಸದರಲ್ಲಿ ಉಲ್ಲೇಖ ಮಾಡಿದಾರಾ ಇಲ್ವಾ ಅಂತ. ಇಷ್ಟೂ ತಾಳೆ ಆದಾಗ್ಲೂ ನಾವು "ಬಹುಶಃ" ಅಂತ ಬರೀತೀವಿ, ಖಂಡಿತ ಅಂತ ಬರೆಯಲ್ಲ. ಅಮೆರಿಕದ ಪೇಟೆಂಟ್ ಆಫೀಸಿನ ಬೆಂಬಲದಲ್ಲಿ ಶುರುವಾದ ಪೇಟೆಂಟ್ಸ್‌ವ್ಯೂ ಅನ್ನೋ ಡೇಟಾಬೇಸ್ ಇದೇ ಲೆಕ್ಕಾಚಾರನ ಅಲ್ಗಾರಿದಮ್ ಕೈಲಿ ಮಾಡಿಸಿ ಪ್ರತಿ ಇನ್ವೆಂಟರ್‌ಗೂ ಒಂದು ಐಡಿ ಕೊಡತ್ತೆ, ಒಳ್ಳೇ ಕೆಲಸ, ಆದ್ರೆ ಅದೂ ಊಹೆನೇ.

ದಿನಾಂಕದ ವಿಷಯದಲ್ಲಂತೂ ಜನ ತುಂಬಾ ಎಡವ್ತಾರೆ. ಪೇಟೆಂಟ್ ಮಂಜೂರಾದ ವರ್ಷ ಹಿಡ್ಕೊಂಡು, ಇವನು ಆಗ ಆ ಕಂಪನಿಲಿ ಇರ್ಲೇ ಇಲ್ಲ, ಹಾಗಾದ್ರೆ ಇದು ಇವನದ್ದಲ್ಲ ಅಂತ ತೀರ್ಮಾನ ಮಾಡ್ತಾರೆ. ಅರ್ಜಿ ಹಾಕಿ ಮಂಜೂರಾಗೋಕೆ ಎರಡು ಮೂರು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯತ್ತೆ, ಅಷ್ಟರಲ್ಲಿ ಆ ಮನುಷ್ಯ ಎರಡು ಕಂಪನಿ ಬದಲಾಯಿಸಿರಬಹುದು. ಸ್ಟೀವ್ ಜಾಬ್ಸ್ 2011ರಲ್ಲಿ ತೀರ್ಕೊಂಡ ಮೇಲೂ ಅವರ ಹೆಸರಿರೋ ನೂರಕ್ಕೂ ಹೆಚ್ಚು ಪೇಟೆಂಟ್ ಮಂಜೂರಾದವು. ನೌಕರಿ ಇತಿಹಾಸದ ಜೊತೆ ತಾಳೆ ನೋಡ್ಬೇಕಾದ್ರೆ ಅರ್ಜಿ ಹಾಕಿದ ದಿನ ನೋಡಿ, ಅದೇ ಆವಿಷ್ಕಾರಕ್ಕೆ ಎಲ್ಲಕ್ಕಿಂತ ಮೊದಲು ಹಾಕಿದ ಅರ್ಜಿಯ ದಿನ ಸಿಕ್ರೆ ಇನ್ನೂ ಒಳ್ಳೇದು.

ತಿರುಗುಮುರುಗಾದ ಸಮಸ್ಯೆನೂ ಅಷ್ಟೇ ದೊಡ್ಡದು, ಅದ್ರ ಬಗ್ಗೆ ಯಾರೂ ಮಾತಾಡಲ್ಲ. ಇಬ್ಬರನ್ನ ಒಬ್ಬರು ಮಾಡೋ ಹಾಗೇ ಒಬ್ಬರನ್ನ ಇಬ್ಬರು ಮಾಡ್ಬಿಡತ್ತೆ ಈ ವ್ಯವಸ್ಥೆ. ಹಾಲಿವುಡ್ ನಟಿ ಹೆಡಿ ಲಮಾರ್, ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆ ಸೇರಿ ಟಾರ್ಪಿಡೋ ನಿಯಂತ್ರಿಸೋ ರೇಡಿಯೋ ಸಿಗ್ನಲ್ಲನ್ನ ಶತ್ರು ಹಿಡಿಯದ ಹಾಗೆ ಆವರ್ತನದಿಂದ ಆವರ್ತನಕ್ಕೆ ಹಾರಿಸೋ ವಿಧಾನ ಕಂಡುಹಿಡಿದ್ರು, 1942ರಲ್ಲಿ ಪೇಟೆಂಟೂ ಬಂತು. ಆ ಪೇಟೆಂಟಲ್ಲಿ ಹೆಡಿ ಲಮಾರ್ ಅಂತ ಹುಡುಕಿದ್ರೆ ಸಿಗಲ್ಲ, ಅಲ್ಲಿರೋದು ಹೆಡಿ ಕೀಸ್ಲರ್ ಮಾರ್ಕಿ, ಹುಟ್ಟಿನ ಮನೆತನದ ಹೆಸರು, ಎರಡನೇ ಗಂಡನ ಹೆಸರು ಸೇರಿ. ಮದುವೆ ಆಗಿ, ವಿಚ್ಛೇದನ ಆಗಿ ಹೆಸರು ಬದಲಾದ ಎಷ್ಟು ಹೆಣ್ಣುಮಕ್ಕಳ ಕೆಲಸ ಹೀಗೆ ಎರಡು ಮೂರು ಚೂರಾಗಿ ಬಿದ್ದಿರಬಹುದು ಯೋಚನೆ ಮಾಡಿ. ಇನ್ನು ವಿಷಯ ಬದಲಾಯಿಸಿದೋರ ಕಥೆ. ಮೇಲೆ ಹೇಳಿದ ಎಲಿಹು ಥಾಮ್ಸನ್, ವಿದ್ಯುತ್ ದೀಪದ ಕೆಲಸ ಮಾಡ್ತಿದ್ದ ಕಾಲದಲ್ಲೇ ಹಾಲಿಂದ ಕೆನೆ ಬೇರೆ ಮಾಡೋ ಯಂತ್ರಕ್ಕೂ ಹ್ಯೂಸ್ಟನ್ ಜೊತೆ ಪೇಟೆಂಟ್ ತಗೊಂಡಿದ್ದ. ತಂತ್ರಜ್ಞಾನದ ವರ್ಗ ಒಂದನ್ನೇ ನಂಬಿ ಕೂತ್ರೆ ಕೆನೆ ಯಂತ್ರದ ಥಾಮ್ಸನ್ ಬೇರೆ ಯಾರೋ ಅಂತ ಆಗ್ತಿತ್ತು.

ಲಿಪಿ ಬದಲಾದಾಗ ಇದು ಇನ್ನೂ ಕಷ್ಟ. ಚೀನಿ ಭಾಷೆಲಿ ಬೇರೆ ಬೇರೆ ಅಕ್ಷರದಲ್ಲಿ, ಬೇರೆ ಬೇರೆ ಸ್ವರದಲ್ಲಿ ಹೇಳೋ ಹೆಸರುಗಳು ರೋಮನ್ ಲಿಪಿಗೆ ಬಂದಾಗ ಒಂದೇ ಸ್ಪೆಲ್ಲಿಂಗ್ ಆಗೋಗ್ತಾವೆ, ಅಲ್ಲಿದ್ದ ವ್ಯತ್ಯಾಸ ಅಚ್ಚಲ್ಲಿ ಅಳಿಸಿಹೋಗತ್ತೆ. ಕೊರಿಯಾದಲ್ಲಿ ಐದರಲ್ಲಿ ಒಬ್ಬರಿಗಿಂತ ಜಾಸ್ತಿ ಜನರ ಮನೆತನದ ಹೆಸರು ಕಿಮ್. ಅಲ್ಲಿನ ಇಂಜಿನಿಯರ್‌ಗಳು ಪೇಟೆಂಟ್ ಮಾಡೋದ್ರಲ್ಲಿ ಜಗತ್ತಲ್ಲೇ ಮುಂದಿದಾರೆ, ಹೆಸರಿನ ಪಟ್ಟಿಲಿ ಮಾತ್ರ ಒಬ್ಬರೊಳಗೆ ಒಬ್ಬರು ಕಳೆದುಹೋಗ್ತಾರೆ.

ಇದ್ರಿಂದ ಯಾರಿಗೆ ಏನು ನಷ್ಟ ಅಂತ ಕೇಳೋರಿಗೆ ಒಂದು ಉದಾಹರಣೆ ಕೊಡ್ತೀನಿ, ನನ್ನ ಜೊತೆ ಕೆಲಸ ಮಾಡಿದ ಒಬ್ಬ ಹೆಣ್ಣುಮಗಳದ್ದು. ತುಂಬಾ ಸಾಮಾನ್ಯವಾದ ಹೆಸರು. ಇಂಟರ್‌ವ್ಯೂಗೆ ಹೋದಾಗ ಎದುರಿಗೆ ಕೂತೋರು ಯಾವುದೋ ಪ್ರೊಫೈಲ್ ಪುಟ ತೆಗೆದು, ನೀವು ರೆಸ್ಯುಮೆಲಿ ಹಾಕಿರೋ ಪೇಟೆಂಟ್ ಇಲ್ಲಿ ಇನ್ನೊಬ್ಬರ ಹೆಸರಲ್ಲಿ ಇದೆಯಲ್ಲ ಅಂತ ಕೇಳಿದ್ರಂತೆ. ಆ ಇನ್ನೊಬ್ಬರು ಅದೇ ಹೆಸರಿನ, ಬೇರೆ ದೇಶದ, ಬೇರೆ ಕಂಪನಿಯ ಮ್ಯಾನೇಜರು. ಇವಳು ಅರ್ಜಿ ನಂಬರು, ಹಕ್ಕು ವರ್ಗಾವಣೆ ಪತ್ರ ಎಲ್ಲಾ ತೋರಿಸಿ ತನ್ನ ಕೆಲಸ ತನ್ನದೇ ಅಂತ ಸಾಬೀತು ಮಾಡ್ಬೇಕಾಯ್ತು. ಆ ಪುಟದೋರಿಗೆ ಬರೆದ್ಲು, ಉತ್ತರ ಬರ್ಲಿಲ್ಲ. ನಂಗೆ ಹೊಟ್ಟೆ ಉರಿಯೋದು ಇಲ್ಲೇ. ಪೇಟೆಂಟಲ್ಲೇ ಇನ್ವೆಂಟರ್ ಹೆಸರು ತಪ್ಪಾಗಿದ್ರೆ ಅಮೆರಿಕದ ಕಾನೂನಲ್ಲಿ ತಿದ್ದಿಸೋಕೆ ದಾರಿ ಇದೆ, ಅದನ್ನ ಅಷ್ಟು ಗಂಭೀರವಾಗಿ ತಗೊಳ್ತಾರೆ ಅಂದ್ರೆ, ತಪ್ಪನ್ನ ಸರಿಪಡಿಸದೇ ಇದ್ರೆ ಪೇಟೆಂಟೇ ರದ್ದಾಗಬಹುದು. ಅದೇ ಹೆಸರನ್ನ ಎತ್ತಿ ಇನ್ನೊಬ್ಬರ ತಲೆಗೆ ಕಟ್ಟೋ ಪುಟಕ್ಕೆ ಮಾತ್ರ ಯಾವ ಜವಾಬ್ದಾರಿನೂ ಇಲ್ಲ. ಈಗ ಎಐ ಬೇರೆ ಬಂದಿದೆ, ಆ ಪುಟಗಳನ್ನೇ ಓದಿ, ಇವರು ಇಂಥಾ ಕಡೆ ಓದಿ ಇಂಥಾ ಕಂಪನಿಲಿ ಇದ್ದು ಇಷ್ಟು ಪೇಟೆಂಟ್ ಪಡೆದರು ಅಂತ ಸೊಗಸಾದ ಜೀವನಚರಿತ್ರೆ ಬರೆದು ಕೊಡತ್ತೆ. ಮೊದಲು ಕನಿಷ್ಠ ಪಟ್ಟಿ ನೋಡಿದ್ರೆ ಡಯಾಪರೂ ಚಿಪ್ಪೂ ಒಟ್ಟಿಗೆ ಇರೋದು ಕಣ್ಣಿಗೆ ಹೊಡೀತಿತ್ತು, ಈಗ ನಯವಾದ ವಾಕ್ಯದೊಳಗೆ ಆ ಬಿರುಕೂ ಕಾಣಲ್ಲ.

ಪರಿಹಾರ ಇಲ್ವಾ ಅಂದ್ರೆ ಇದೆ, ಪಕ್ಕದ ಮನೆಲೇ ಇದೆ. ಸಂಶೋಧನಾ ಲೇಖನ ಬರೆಯೋರಿಗೆ ಆರ್ಕಿಡ್ (ORCID) ಅಂತ 16 ಅಂಕಿಯ ಐಡಿ ಇದೆ, 2012ರಲ್ಲಿ ಶುರುವಾಯ್ತು, ಉಚಿತ, ಕಂಪನಿ ಬದಲಾದ್ರೂ ಹೆಸರು ಬದಲಾದ್ರೂ ಅದು ಬದಲಾಗಲ್ಲ. ಎಷ್ಟೋ ಜರ್ನಲ್‌ಗಳು ಅದಿಲ್ಲದೆ ಲೇಖನಾನೇ ತಗೊಳಲ್ಲ. ಪೇಟೆಂಟ್ ಅರ್ಜಿಲೂ ಇಂಥದ್ದೇ ಒಂದು ನಂಬರ್ ಬರೆಯೋ ಜಾಗ ಬೇಕು, ಎಲ್ಲಾ ದೇಶದ ಆಫೀಸಲ್ಲೂ ಬೇಕು ಅನ್ನೋದು ನನ್ನ ಹಠ. ಇದ್ರಿಂದ ಇನ್ವೆಂಟರ್‌ಗಳ ಜಾಡು ಹಿಡಿಯೋದು ಸುಲಭ ಆಗತ್ತೆ, ಖಾಸಗಿತನ ಹೋಗತ್ತೆ ಅನ್ನೋರಿದಾರೆ. ಆ ಭಯ ಸುಳ್ಳಲ್ಲ. ಆದ್ರೆ ಆ ನಂಬರಲ್ಲಿ ವಿಳಾಸ ಇರಲ್ಲ, ವಯಸ್ಸು ಇರಲ್ಲ, ಅದ್ರ ಹಿಂದೆ ಏನು ತೋರಿಸ್ಬೇಕು ಅನ್ನೋದು ಆ ವ್ಯಕ್ತಿ ಕೈಲೇ ಇರತ್ತೆ. ಈಗ ಆಗ್ತಿರೋದು ನೋಡಿ, ನಮ್ಮನ್ನ ಕೇಳದೇನೇ ಯಾರೋ ನಮ್ಮ ಊರು, ಕಂಪನಿ, ವರ್ಷ ಎಲ್ಲಾ ಜೋಡಿಸಿ ಊಹೆ ಮಾಡ್ತಿದಾರೆ, ಅದೂ ತಪ್ಪಾಗಿ.

ಅಲ್ಲೀವರೆಗೆ ಪೇಟೆಂಟ್ ಇರೋರಿಗೆ ನಾನು ಹೇಳೋದು, ಎಲ್ಲಾ ಅರ್ಜಿಲೂ ಒಂದೇ ರೀತಿ ಪೂರ್ತಿ ಹೆಸರು ಬರೆಸಿ, ಒಂದರಲ್ಲಿ ಇನಿಶಿಯಲ್ಲು ಇನ್ನೊಂದರಲ್ಲಿ ಪೂರ್ತಿ ಹೆಸರು ಬೇಡ, ವಕೀಲರು ಟೈಪ್ ಮಾಡಿದ್ದನ್ನ ಸಹಿ ಹಾಕೋ ಮುಂಚೆ ಅಕ್ಷರ ಅಕ್ಷರ ಓದಿ. ರೆಸ್ಯುಮೆಲಿ ಎಷ್ಟು ಪೇಟೆಂಟ್ ಅಂತ ಲೆಕ್ಕ ಕೊಡೋದಕ್ಕಿಂತ ಒಂದೊಂದರ ನಂಬರೂ ಹಾಕಿ. ಕೆಲಸ ಕೊಡೋ ಜಾಗದಲ್ಲಿ ಕೂತೋರು ದಯವಿಟ್ಟು ಪ್ರೊಫೈಲ್ ಪುಟ ಬಿಟ್ಟು ಆ ನಂಬರ್ ಹಾಕಿ ಮೂಲ ದಾಖಲೆ ತೆಗೀರಿ. 72ರ ಎದುರಿಗೆ ಇರೋ ಅಷ್ಟೂ ಹೆಸರು ಓದಿ, 22ರ ಎದುರಿಗಿರೋ ದಿನ ನೋಡಿ, ಆಮೇಲೂ ಅನುಮಾನ ಉಳಿದ್ರೆ ಆ ಆವಿಷ್ಕಾರದ ಬಗ್ಗೆನೇ ಎರಡು ಪ್ರಶ್ನೆ ಕೇಳಿ. ಮಾಡಿದೋರಿಗೆ ಯಾವ ಪ್ರಯೋಗ ಕೈಕೊಟ್ಟಿತ್ತು, ಯಾವುದನ್ನ ಬದಲಾಯಿಸಿದ ಮೇಲೆ ಸರಿಹೋಯ್ತು ಅನ್ನೋದು ಗೊತ್ತಿರತ್ತೆ, ಹೆಸರು ಮಾತ್ರ ಹೊಂದೋರಿಗೆ ಗೊತ್ತಿರಲ್ಲ.