ಕೊಲಂಬೋ ನಮ್ಮೂರು, ಮುಂಬೈ ಪರದೇಶ

ಲೀಡ್ 2009ರ ಕಾಲದಲ್ಲಿ ಬೆಂಗಳೂರಿನಲ್ಲಿ ಹಸಿರು ಕಟ್ಟಡ ಕಟ್ಟುವವರು ಮೊದಲು ಕೊಳ್ಳಬೇಕಿದ್ದದ್ದು ಸಿಮೆಂಟಲ್ಲ, ಕೈವಾರ. ಲೀಡ್ ಎಂದರೆ ಹಸಿರು ಕಟ್ಟಡಗಳಿಗೆ ಅಂಕ ಹಾಕಿ ಪ್ರಮಾಣಪತ್ರ ಕೊಡುವ ಅಮೆರಿಕದ ಪದ್ಧತಿ; ಅದರ 2009ರ ಆವೃತ್ತಿಗೆ ಹೊಸ ನೋಂದಣಿ 2016ರಲ್ಲೇ ಮುಗಿಯಿತು. ಆ ಆವೃತ್ತಿಯ ಪ್ರಕಾರ ಸೈಟಿನ ಸುತ್ತ 800 ಕಿ.ಮೀ. ತ್ರಿಜ್ಯದ ವೃತ್ತದೊಳಗೆ ಅಗೆದು, ಅದರೊಳಗೇ ತಯಾರಿಸಿದ್ದೆಲ್ಲ ಪ್ರಾದೇಶಿಕ ಸಾಮಗ್ರಿ ಎನಿಸುತ್ತಿತ್ತು. ಒಟ್ಟು ಸಾಮಗ್ರಿಯ ಬೆಲೆಯಲ್ಲಿ ಶೇ. 10 ಇಂಥದ್ದಾದರೆ ಒಂದು ಅಂಕ, ಶೇ. 20 ಆದರೆ ಎರಡು. ವೃತ್ತ ಎಳೆದು ನೋಡಿ: ಕೊಲಂಬೋ ಒಳಗೆ, ಮುಂಬೈ ಹೊರಗೆ. ನಡುವೆ ಸಮುದ್ರವಿದೆಯಲ್ಲ ಎನ್ನಬೇಡಿ, ಕೈವಾರಕ್ಕೆ ಈಜು ಬರುತ್ತದೆ.

ವೃತ್ತ ಒಗ್ಗದವರಿಗೆ ಇನ್ನೊಂದು ದಾರಿಯೂ ಇತ್ತು. ರೈಲಿನ ದೂರವನ್ನು 3ರಿಂದ, ಸಮುದ್ರದ ದೂರವನ್ನು 15ರಿಂದ ಭಾಗಿಸಿ, ಲಾರಿಯದನ್ನು ಹಾಗೇ ಕೂಡಿಸಿ; ಮೊತ್ತ 800 ದಾಟದಿದ್ದರೆ ಸಾಕಿತ್ತು. ಚೀನಾದ ಬಂದರಿನ ಮಗ್ಗುಲಲ್ಲೇ ಮಣ್ಣು ಅಗೆದು ಸುಟ್ಟ ಟೈಲ್ಸ್ ಚೆನ್ನೈವರೆಗೆ 6000 ಕಿ.ಮೀ. ತೇಲಿ ಬಂದರೂ ಲೆಕ್ಕಕ್ಕೆ 400. ಅಲ್ಲಿಂದ ಲಾರಿಯಲ್ಲಿ 350. ಒಟ್ಟು 750, ಪಾಸು! ಗುಜರಾತಿನ ಮೊರ್ಬಿಯಿಂದ ನೇರ ಲಾರಿಯಲ್ಲಿ ಬಂದ ಟೈಲ್ಸ್ ಫೇಲು. ಹಡಗಿನ ಹೊಗೆ ಟನ್ನಿಗೆ ಕಡಿಮೆ, ನಿಜ. ಆದರೂ ಚೀನಾವನ್ನು ‘ಸ್ಥಳೀಯ’ ಎನ್ನುವುದಕ್ಕೆ ಗುಂಡಿಗೆ ಬೇಕು.

ಇನ್ನು ದಾಖಲೆ. ಜಲ್ಲಿ ಲಾರಿಯ ಡ್ರೈವರ್ ಕೈಯಲ್ಲಿ ಗಣಿ ಇಲಾಖೆಯ ಪರ್ಮಿಟ್ಟೇ ಇರುತ್ತದೆ: ಯಾವ ಕ್ವಾರಿ, ಎಷ್ಟು ಟನ್, ಎಲ್ಲಿಗೆ. ಅದರ ನಕಲು ಇಟ್ಟುಕೊಳ್ಳುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ಕಟ್ಟಡ ಮುಗಿದ ಮೇಲೆ ಕನ್ಸಲ್ಟೆಂಟ್ ಪೂರೈಕೆದಾರರಿಗೆ ಮೇಲ್ ಹಾಕುತ್ತಿದ್ದರು: ‘ಲೆಟರ್‌ಹೆಡ್‌ನಲ್ಲಿ ಸಾಮಗ್ರಿ ಎಲ್ಲಿಯದೆಂದು ಒಂದು ಪತ್ರ ಕೊಡಿ, ಒಕ್ಕಣೆ ನಾವೇ ಬರೆದು ಕಳಿಸಿದ್ದೇವೆ.’ ಪತ್ರ ಬರುತ್ತಿತ್ತು. ದೂರ ಅಳೆದಿರುತ್ತಿದ್ದದ್ದು ಕ್ವಾರಿಯಿಂದಲ್ಲ, ಡೀಲರ್ ಅಂಗಡಿಯಿಂದ. ಪತ್ರದಲ್ಲಿ ಕಿಟಕಿಯ ಹೆಸರಿನ ಮುಂದೆ ‘ಪೀಣ್ಯ, 12 ಕಿ.ಮೀ.’ ಎಂದಿರುತ್ತಿತ್ತು. ಪೀಣ್ಯದಲ್ಲಿ ಆದದ್ದು ಜೋಡಣೆ. ಅಲ್ಯೂಮಿನಿಯಂ ಕರಗಿದ್ದು ಒಡಿಶಾದ ಅಂಗುಲ್‌ನಲ್ಲಿ, ವೃತ್ತದಾಚೆ. ತೂಕದಲ್ಲಿ ಅದರ ಪಾಲೆಷ್ಟೋ ಅಷ್ಟನ್ನು ಬೆಲೆಯಿಂದ ಕಳೆಯಬೇಕಿತ್ತು. ಕಳೆಯುತ್ತಿರಲಿಲ್ಲ. ಪರಿಶೀಲಕರು ಹಿಡಿದರೆ? ಇನ್ನೊಂದು ಲೆಟರ್‌ಹೆಡ್.

ಈ ಲೆಕ್ಕದಲ್ಲಿ ಅಡಿಗೆ ಬಿದ್ದದ್ದು ಪಾಯ ತೋಡಿದ ಮಣ್ಣು. ಅದನ್ನೇ ಸೈಟಿನಲ್ಲಿ ಒತ್ತಿ ಬ್ಲಾಕ್ ಮಾಡಿದರೆ ಸಾಗಣೆ ಸೊನ್ನೆ. ಆದರೆ ಅಂಕ ಸಿಗುತ್ತಿದ್ದದ್ದು ಬೆಲೆಗೆ. ಮಣ್ಣಿಗೆ ಬಿಲ್ಲಿಲ್ಲ, ಒತ್ತಿದವರ ಕೂಲಿ ಲೆಕ್ಕಕ್ಕಿರಲಿಲ್ಲ. ಉಳಿಯುತ್ತಿದ್ದದ್ದು ಬೆರೆಸಿದ ಶೇ. 7ರಷ್ಟು ಸಿಮೆಂಟಿನ ಬೆಲೆ. ಅದಕ್ಕೇ ಆಗ ಜಾಣರ ಸಲಹೆ: ಮಣ್ಣನ್ನು ಲಾರಿಗೆ ತುಂಬಿ ಊರಾಚೆ ಸುರಿಸಿ, ಲಾಬಿಗೆ ಕನಕಪುರದ ಗ್ರಾನೈಟ್ ಹಾಕಿಸಿ, ಪಾಲಿಶ್ ಜಿಗಣಿಯಲ್ಲಿ ಆಗಲಿ, ರೇಟಿನಲ್ಲಿ ಚೌಕಾಸಿ ಮಾತ್ರ ಮಾಡಬೇಡಿ.